ನಮ್ಮ ಮನೆಯ ನಾಲ್ಕು ಓಟು

ಓಟು ಕೇಳುವ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದು ಸಿದ್ಧಾಂತದ ಮಾತಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಒಂದೇ ಮನೆಯಲ್ಲಿ ಕಾಫಿ ಕುಡಿಯಿರಿ, ಎರಡನೆಯ ಮನೆಯಲ್ಲಿ ಎಷ್ಟು ಬಲವಂತ ಮಾಡಿದರೂ ಕೈ ಮುಗಿದು ತಪ್ಪಿಸಿಕೊಳ್ಳಿ. ಮೈಲಾಪೂರಿನಲ್ಲಿ ಹೆಜ್ಜೆಗೊಂದು ದೇವಸ್ಥಾನ ಸಿಗುತ್ತದೆ, ಹೆಂಗಸರು ಹೋಗಬಹುದಾದ ಕಕ್ಕಸು ಸಿಗುವುದಿಲ್ಲ. ಮೂವತ್ತು ವರ್ಷ ಬಿಸಿಲಲ್ಲಿ ಅಲೆದವಳ ಮಾತು ಇದು, ನಂಬಿ.

ನಾನು ಸಂಬಳಕ್ಕೆ ಮಾಡಿದ ಕೆಲಸ ಬೇರೆ. ಅಡ್ಯಾರಿನ ಒಬ್ಬ ಆಡಿಟರ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿಂದ ಬಿಡುವಾಗ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು, ಮಾರನೆಯ ದಿನದಿಂದ ಅವರೂ ನನ್ನನ್ನು ಮರೆತರು, ನಾನೂ ಅವರನ್ನು ಮರೆತೆ. ಮರೆಯದೆ ಉಳಿದಿರುವುದು ಸಂಬಳವಿಲ್ಲದ ಕೆಲಸ. ಪಕ್ಷದ ಕಾರ್ಯಕರ್ತೆ ಎಂದು ಬರೆದರೆ ದೊಡ್ಡದಾಗಿ ಕಾಣುತ್ತದೆ. ಮನೆಮನೆಗೆ ಹೋಗಿ ಬೆಲ್ ಒತ್ತುವವಳು, ಅಷ್ಟೇ. ಹೋದ ವರ್ಷ ಮೊಣಕಾಲಿನ ಡಾಕ್ಟರು ಆ ಕೆಲಸದಿಂದಲೂ ನನ್ನನ್ನು ನಿವೃತ್ತಿ ಮಾಡಿಸಿದರು. ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತೀರಿ, ಉಳಿದರ್ಧ ಜನ ತಲೆದೂಗುತ್ತಾ ಓದುತ್ತೀರಿ, ಎರಡೂ ನನಗೆ ಬೇಡ.

ನಮ್ಮ ಮಾವನವರು ಕೊಳ್ಳೇಗಾಲದಿಂದ ರೇಷ್ಮೆ ಸೀರೆ ತಂದು ಇಲ್ಲಿ ಮಾರುತ್ತಿದ್ದವರು. ಹಾಗಾಗಿ ಮೈಲಾಪೂರಿನ ಕೊಳದ ಹಿಂದಿನ ಬೀದಿಯಲ್ಲಿ ನಮಗೊಂದು ಮನೆಯಾಯಿತು. ನಾನು ಚಾಮರಾಜನಗರದಿಂದ ಸೊಸೆಯಾಗಿ ಬಂದು ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡುತ್ತಾ ತಮಿಳು ಕಲಿತೆ. ನನ್ನ ಹೆಸರು ಗಿರಿಜಾ ಎಂದು ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ, ಎಲ್ಲರಿಗೂ ನಾನು ಕನ್ನಡಕಾರಮ್ಮ.

ನನ್ನನ್ನು ಈ ಕೆಲಸಕ್ಕೆ ಎಳೆದವರು ದಕ್ಷಿಣಾಮೂರ್ತಿ. ಮದುವೆ ಪತ್ರಿಕೆ ಅಚ್ಚು ಹಾಕುವ ಸಣ್ಣ ಪ್ರೆಸ್ ಇಟ್ಟುಕೊಂಡಿದ್ದರು, ಜೊತೆಗೆ ನಮ್ಮ ವಾರ್ಡಿಗೆ ಪಕ್ಷದ ಕಾರ್ಯದರ್ಶಿ. ಆಗೆಲ್ಲ ಓಟಿನ ಚೀಟಿಯನ್ನು ನಾವೇ ಕೈಯಲ್ಲಿ ಬರೆಯಬೇಕಿತ್ತು. ಹೆಸರು, ಗಂಡನ ಹೆಸರು, ಪಟ್ಟಿಯಲ್ಲಿ ಎಷ್ಟನೆಯ ನಂಬರು, ಯಾವ ಸ್ಕೂಲಿನಲ್ಲಿ ಬೂತು, ಎಲ್ಲ. ಅಕ್ಷರ ಚೆನ್ನಾಗಿರುವವರು ಬೇಕು ಎಂದು ಒಂದು ಕಟ್ಟು ಚೀಟಿ ತಂದು ನನ್ನ ಮುಂದೆ ಇಟ್ಟರು. ಬರೆದು ಮುಗಿಸಿದ ಮೇಲೆ, ಬರೆದವರೇ ಹಂಚಿದರೆ ತಪ್ಪಾಗುವುದಿಲ್ಲ ಅಂದರು. ಹಾಗೆ ಬೀದಿಗೆ ಇಳಿದವಳು ಮತ್ತೆ ಹತ್ತಲಿಲ್ಲ.

ಮೊದಲನೆಯ ದಿನವೇ ಮಾನ ಹೋಯಿತು. ನನಗೆ ಕೊಟ್ಟ ಬೀದಿಯಲ್ಲಿ ಎಡಗಡೆ ಮನೆಗಳು ಮಾತ್ರ ನಮ್ಮ ವಾರ್ಡು, ಬಲಗಡೆಯವು ಪಕ್ಕದ ವಾರ್ಡು. ಅದು ನನ್ನ ತಲೆಗೆ ಹೋಗಲಿಲ್ಲ. ಹಾಲಿನವಳ ಹಾಗೆ ಈ ಕಡೆ ಒಂದು ಮನೆ, ಆ ಕಡೆ ಒಂದು ಮನೆ ಹತ್ತಿ ಇಳಿದು, ನಮ್ಮ ಅಭ್ಯರ್ಥಿಯ ಗುಣಗಾನ ಮಾಡಿ, ಬೆವರು ಸುರಿಸಿಕೊಂಡು ಮಧ್ಯಾಹ್ನ ಪ್ರೆಸ್ಸಿಗೆ ಬಂದು ಹೆಮ್ಮೆಯಿಂದ ವರದಿ ಒಪ್ಪಿಸಿದೆ. ದಕ್ಷಿಣಾಮೂರ್ತಿ ಕನ್ನಡಕ ತೆಗೆದು ಒರೆಸಿಕೊಂಡು, ಪಕ್ಕದ ವಾರ್ಡಿನವರು ನಿಮಗೆ ಸನ್ಮಾನ ಮಾಡಬೇಕಮ್ಮ ಅಂದರು. ಆ ಬಲಗಡೆಯ ಮನೆಯವರು ಒಬ್ಬರಾದರೂ ನನಗೆ ಹೇಳಬಾರದಿತ್ತಾ? ಹೇಳಲಿಲ್ಲ. ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡು ಕಳಿಸಿದರು. ತಮ್ಮ ಮನೆ ಬಾಗಿಲಿಗೆ ಬಂದು ಒಬ್ಬರು ಕೈ ಮುಗಿಯುವುದು ಜನಕ್ಕೆ ಇಷ್ಟ. ಆ ಪಾಠ ಅವತ್ತೇ ನನ್ನ ಕೈಗೆ ಬಂದಿತ್ತು, ಹಿಡಿದುಕೊಳ್ಳುವ ಬುದ್ಧಿ ಇರಲಿಲ್ಲ.

ಇನ್ನೊಂದು ತಪ್ಪು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಂದು ಮನೆಯ ಬಾಗಿಲಲ್ಲಿ ರಾಶಿ ಚಪ್ಪಲಿ ಕಂಡಿತು. ಒಂದೇ ಕಡೆ ಇಷ್ಟು ಓಟು ಸಿಕ್ಕಿತಲ್ಲ ಎಂದು ಹಲ್ಲು ಕಿರಿದುಕೊಂಡು ಒಳಗೆ ಹೋದೆ. ನಡುಮನೆಯಲ್ಲಿ ಹೆಣ ಮಲಗಿಸಿದ್ದರು. ನನ್ನ ಕೈಯಲ್ಲಿ ನೋಟಿಸಿನ ಕಟ್ಟು, ಮುಖದ ಮೇಲೆ ನಗು. ವಾಪಸು ಹೋಗುವುದು ಇನ್ನೂ ಅಸಹ್ಯ ಅನ್ನಿಸಿ, ನೋಟಿಸು ಚೀಲಕ್ಕೆ ತುರುಕಿ, ಹೆಂಗಸರ ಜೊತೆ ಗೋಡೆಗೊರಗಿ ಕೂತೆ. ಆಮೇಲೆ ಎದುರು ಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಸಿ ತಂದು, ಸಾಗಿಸುವ ತನಕ ಅಲ್ಲೇ ಇದ್ದೆ. ಆ ಮನೆಯಲ್ಲಿ ಓಟಿನ ಸುದ್ದಿಯನ್ನು ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಈಗಿನವರಿಗೆ ಹೇಳುತ್ತೇನೆ, ಬೆಲ್ ಒತ್ತುವ ಮೊದಲು ಹೊಸ್ತಿಲು ನೋಡಿ. ಹೊತ್ತೇರಿದರೂ ರಂಗೋಲಿ ಹಾಕಿಲ್ಲದ ಮನೆಗೆ ನಗುತ್ತಾ ಹೋಗಬೇಡಿ.

ದಕ್ಷಿಣಾಮೂರ್ತಿಯವರದು ಒಂದು ಪದ್ಧತಿ ಇತ್ತು. ಓಟರ್ ಪಟ್ಟಿಯಲ್ಲಿ ಪ್ರತಿ ಮನೆಯ ಎದುರು ಪೆನ್ಸಿಲಿನಲ್ಲಿ ಒಂದು ಗುರುತು. ಸೊನ್ನೆ ಹಾಕಿದರೆ ಆ ಮನೆ ನಮ್ಮದು. ಇಂಟು ಹಾಕಿದರೆ ಆ ಕಡೆಯವರದು. ಗೀಟು ಎಳೆದರೆ ಇನ್ನೂ ತೀರ್ಮಾನವಾಗದ್ದು. ಇಂಟು ಮನೆಗೆ ಹೋಗಿ ಉಗಿಸಿಕೊಳ್ಳಬೇಡಿ, ಸೊನ್ನೆ ಮನೆಗೆ ಹೋಗಿ ಹೊತ್ತು ಕಳೆಯಬೇಡಿ, ಇರುವ ಜೀವವನ್ನೆಲ್ಲ ಗೀಟಿನ ಮನೆಗಳಿಗೆ ಹಾಕಿ. ಇದು ಅವರ ವೇದ. ನಾನೂ ಅದನ್ನೇ ಓದಿಕೊಂಡೆ. ಆಮೇಲೆ ಬಂದ ಎಷ್ಟೋ ಜನರಿಗೆ ಅದನ್ನೇ ಹೇಳಿಕೊಟ್ಟೆ. ನಮ್ಮ ಮನೆಯ ಎದುರು ನಾನೇ ನನ್ನ ಕೈಯಾರೆ ಒಂದು ಗುಂಡನೆಯ ಸೊನ್ನೆ ಹಾಕಿದ್ದೆ.

ಕಾಲ ಬದಲಾಯಿತು. ಗೋಡೆ ಬರಹ ನಿಂತಿತು, ಮೈಕು ಕಟ್ಟಿದ ಆಟೋ ಕಡಿಮೆಯಾಯಿತು. ಚೀಟಿಯನ್ನು ಸರ್ಕಾರದವರೇ ಅಚ್ಚು ಹಾಕಿ ಕೊಡತೊಡಗಿದರು. ಶೋಳಿಂಗನಲ್ಲೂರಿನ ಆಫೀಸಿಗೆ ಹೋಗುವ ನನ್ನ ಮಗಳು ವಿದ್ಯಾ ಬೀದಿಗೊಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಟ್ಟಳು. ಒಂದು ದಿನವೂ ಅದರಲ್ಲಿ ರಾಜಕೀಯ ನಡೆಯಲಿಲ್ಲ, ಕಾಣೆಯಾದ ಬೆಕ್ಕಿನ ಫೋಟೋ, ಗ್ಯಾಸಿನವನ ನಂಬರು, ಶುಭೋದಯ, ಇಷ್ಟೇ. ಕೈಯಲ್ಲಿ ಬರೆಯುತ್ತಿದ್ದ ಕಾಲವೇ ಚೆನ್ನಾಗಿತ್ತು ಎಂದು ನಾನು ಗೊಣಗುವುದಿಲ್ಲ. ಆಗ ನನ್ನ ಬೆರಳು ನೋಯುತ್ತಿತ್ತು, ಈಗ ನೋಯುವುದಿಲ್ಲ. ಪೆನ್ಸಿಲಿನ ಸೊನ್ನೆ ಮಾತ್ರ ಕಂಪ್ಯೂಟರಿನಲ್ಲಿ ಹಸಿರು ಬಣ್ಣವಾಗಿ ಕೂತಿತು, ಪದ್ಧತಿ ಅದೇ ಉಳಿಯಿತು.

ಕಳೆದ ಕಾರ್ಪೊರೇಷನ್ ಚುನಾವಣೆಗೆ ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು. ಇಂಥ ಹೊತ್ತಿನಲ್ಲಿ ಯಾರಾದರೂ ಮುಖಂಡರ ಹೆಂಡತಿಯನ್ನೋ ನಾದಿನಿಯನ್ನೋ ನಿಲ್ಲಿಸಿ, ಬೋರ್ಡಿನಲ್ಲಿ ಅವಳ ಹೆಸರು, ಕುರ್ಚಿಯಲ್ಲಿ ಅವನು, ಹೀಗೆ ನಡೆಸುವುದು ರೂಢಿ. ನಾನು ಜಗಳ ಆಡಿದೆ. ನಮ್ಮಲ್ಲಿ ಕಲೈಸೆಲ್ವಿ ಎಂಬ ಹೆಣ್ಣುಮಗಳಿದ್ದಳು. ಒಂದು ಸಣ್ಣ ನರ್ಸರಿ ಶಾಲೆಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸ, ಮನೆಯಲ್ಲಿ ವಯಸ್ಸಾದ ತಾಯಿ, ಓದುವ ಮಗಳು, ಬಿಟ್ಟುಹೋದ ಗಂಡ. ನೀರಿನ ಲಾರಿ ಬರದಿದ್ದರೆ ಇಡೀ ಬೀದಿ ಅವಳ ಮನೆಗೆ ಓಡುತ್ತಿತ್ತು, ಅವಳು ನೀರಿನ ಬೋರ್ಡಿನ ಆಫೀಸಿಗೆ ಹೋಗಿ ಕೂತು ಲಾರಿ ತರಿಸದೆ ಏಳುತ್ತಿರಲಿಲ್ಲ. ಇವಳಲ್ಲದೆ ಇನ್ಯಾರು ಎಂದು ನಾನು ಮೂರು ಸಭೆಯಲ್ಲಿ ಕೂಗಾಡಿದ ಮೇಲೆ ದಕ್ಷಿಣಾಮೂರ್ತಿ ಒಪ್ಪಿದರು.

ಶಾಲೆಯ ಯಜಮಾನರು ಮಾತ್ರ, ಎರಡೂ ಪಕ್ಷದ ಮನೆಯ ಮಕ್ಕಳು ನಮ್ಮಲ್ಲಿ ಬರುತ್ತಾರೆ, ನಿಲ್ಲುವುದಾದರೆ ಕೆಲಸ ಬಿಟ್ಟು ನಿಲ್ಲಮ್ಮ, ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದರು. ಅವಳ ತಾಯಿ ಬೇಡವೇ ಬೇಡ ಎಂದು ಹಟ ಹಿಡಿದರು. ಕಲೈಸೆಲ್ವಿ ನನ್ನ ಹತ್ತಿರ ಬಂದಳು. “ಅಕ್ಕಾ, ತೋತ್ತುಟ್ಟಾ?” ಎಂದು ಒಂದೇ ಮಾತು ಕೇಳಿದಳು. ಸೋತರೆ ಏನು ಗತಿ ಎಂದು. ನಾನು ದೊಡ್ಡ ಮನುಷ್ಯರ ಹಾಗೆ ಅವಳ ಬೆನ್ನು ತಟ್ಟಿ, ಸೋಲುವ ಮಾತೇ ಇಲ್ಲ, ನಮ್ಮ ಸೊನ್ನೆ ಮನೆಗಳೇ ಸಾಕು, ನಮ್ಮ ಮನೆಯಲ್ಲೇ ನಾಲ್ಕು ಓಟು ಗಟ್ಟಿಯಾಗಿ ಕೂತಿವೆ ಅಂದೆ. ಮಾರನೆಯ ದಿನ ಅವಳು ಕೆಲಸಕ್ಕೆ ರಾಜೀನಾಮೆ ಬರೆದುಕೊಟ್ಟಳು. ನನ್ನ ಮಾತಿನ ಮೇಲೆ ಬರೆದುಕೊಟ್ಟಳು, ಇದನ್ನು ನೆನಪಿಡಿ.

ಪ್ರಚಾರದ ಮೊದಲ ವಾರದಲ್ಲಿ ನಾನು ಮಾಡಿದ ಇನ್ನೊಂದು ಅಧಿಕಪ್ರಸಂಗವನ್ನೂ ಹೇಳಿಬಿಡುತ್ತೇನೆ. ಗೀಟಿನ ಮನೆಗಳಿಗೆ ಇಬ್ಬರೂ ಹೋಗುತ್ತಿದ್ದೆವು. ಅವಳಿಗೆ ಸಂಕೋಚ, ನನಗೆ ಮೂವತ್ತು ವರ್ಷದ ಬಾಯಿ. ಎಲ್ಲ ಕಡೆ ನಾನೇ ಮಾತಾಡಿದೆ, ಅವಳು ಹಿಂದೆ ನಿಂತು ಕೈ ಮುಗಿದಳು. ಕೊನೆಗೊಂದು ಮನೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದ ಹೆಂಗಸು ತಲೆಯೆತ್ತಿ, ಚುನಾವಣೆಗೆ ನಿಂತಿರುವುದು ನೀವಾ ಅವರಾ ಅಂತ ಕೇಳಿದಳು. ನನ್ನ ಬಾಯಿ ಅಲ್ಲಿ ಸ್ವಲ್ಪ ಮುಚ್ಚಿತು, ಪೂರ್ತಿ ಮುಚ್ಚಲು ಇನ್ನೊಂದು ಏಟು ಬೇಕಿತ್ತು.

ಅದೂ ಬಿತ್ತು. ಓಟಿಗೆ ಇನ್ನು ಹತ್ತು ದಿನ ಇತ್ತು. ಬೆಳಗ್ಗೆ ಹತ್ತೂವರೆ ಹೊತ್ತಿಗೆ ನಡುಬೀದಿಯಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಬೇರೆ ಜೋಡಿ ಹಾಕಿಕೊಳ್ಳಲು ಮನೆಗೆ ಬಂದೆ. ನಮ್ಮ ನಡುಮನೆಯಲ್ಲಿ, ನಮ್ಮ ಮನೆಯವರ ಕುರ್ಚಿಯಲ್ಲಿ, ಸಂಪತ್ ಕೂತು ನಮ್ಮ ಲೋಟದಲ್ಲಿ ಕಾಫಿ ಆರಿಸಿಕೊಳ್ಳುತ್ತಿದ್ದರು. ಸಂಪತ್ ಪೋಸ್ಟಾಫೀಸಿನಿಂದ ರಿಟೈರಾದವರು, ಎದುರು ಪಕ್ಷದಲ್ಲಿ ನನ್ನ ಜಾಗದಲ್ಲಿರುವವರು. ಚುನಾವಣೆಯ ದಿನ ಬೂತಿನಿಂದಾಚೆ ಅವರದೊಂದು ಮೇಜು, ನನ್ನದೊಂದು ಮೇಜು, ಇಬ್ಬರಿಗೂ ಸೇರಿ ಅವರ ಕೊಡೆ. ಮಂಚದ ಮೇಲೆ ನಮ್ಮ ಅತ್ತೆ ಕಾಲು ಚಾಚಿಕೊಂಡು, ಕೊಳ್ಳೇಗಾಲದ ತಮ್ಮ ತವರಿನಲ್ಲಿ ರೇಷ್ಮೆಹುಳ ಸಾಕುತ್ತಿದ್ದ ಕಥೆಯನ್ನು ತಮ್ಮ ಹರುಕು ತಮಿಳಿನಲ್ಲಿ ಹೇಳುತ್ತಿದ್ದರು. ಅಷ್ಟು ಖುಷಿಯಾಗಿ ಅವರು ಮಾತಾಡಿದ್ದನ್ನು ನಾನು ಕಂಡು ಎಷ್ಟು ಕಾಲವಾಗಿತ್ತೋ.

ಸಂಪತ್ ಗಡಬಡಿಸಿ ಎದ್ದರು. ಎಲ್ಲ ಚುನಾವಣೆಗೂ ಬರುತ್ತೇನೆ ಮೇಡಂ, ನೀವು ಮನೆಯಲ್ಲಿ ಇರುವುದಿಲ್ಲ ಅಷ್ಟೇ ಎಂದು ತಮಿಳಿನಲ್ಲಿ ಸಮಜಾಯಿಷಿ ಕೊಟ್ಟು, ಅತ್ತೆಗೆ ಕೈ ಮುಗಿದು, ಕೊಡೆ ತೆಗೆದುಕೊಂಡು ಹೊರಟರು. ನಾನು ಇಡೀ ವಾರ್ಡು ಸುತ್ತಲು ಹೋದ ಹೊತ್ತನ್ನೇ ನೋಡಿಕೊಂಡು ಈ ಮನುಷ್ಯ ನಮ್ಮ ಮನೆಗೆ ಬರುತ್ತಿದ್ದರು. ಅದು ತಪ್ಪೇನೂ ಅಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಅವರ ಬೆನ್ನು ಮರೆಯಾದ ಮೇಲೆ ಅತ್ತೆಯನ್ನು ಕೇಳಿದೆ. ಇವರು ಬಂದು ಕೇಳಿದರೆ ನೀವೇನು ಹೇಳುತ್ತೀರಿ ಅಂತ.

“ಏನ್ ಹೇಳದು? ಆಗ್ಲಿ ಅಂತೀನಿ. ಎಲ್ಲಾ ಸಾರೀನೂ ಅವ್ರಿಗೇ ಕಣವ್ವ ಹಾಕಿರದು.”

ನಾನು ಯಾವ ಪಕ್ಷದವಳು ಅನ್ನುವುದು ನಿಮಗೆ ಗೊತ್ತಿಲ್ಲವಾ ಅತ್ತೆ ಅಂದೆ. ಊರಿಗೆಲ್ಲ ಗೊತ್ತಿರುವುದು ನನಗೆ ಗೊತ್ತಿಲ್ಲವಾ, ಆದರೆ ನೀನು ಕೇಳಲಿಲ್ಲವಲ್ಲ ಅಂದರು. ಮನೆಯವರನ್ನು ಯಾರಾದರೂ ಕೇಳುತ್ತಾರಾ ಎಂದು ನನ್ನ ದನಿ ಏರಿತು. ಅವರ ದನಿ ಏರಲಿಲ್ಲ.

“ಅದೇ ಕಣವ್ವ. ಈ ಮನೆಗೆ ಬಂದು ಅರವತ್ತು ವರ್ಸದ್ ಮೇಲಾಯ್ತು. ಮಾಡು ಅಂದೋರೇ ಎಲ್ಲಾರೂವೆ. ಮಾಡ್ತೀಯಾ ಅಂತ ಕೇಳ್ದೋರು ಒಬ್ರಿಲ್ಲ. ನಿಮ್ಮಾವ ಕೇಳ್ನಿಲ್ಲ, ನನ್ ಮಗ ಕೇಳ್ನಿಲ್ಲ, ನೀನೂ ಕೇಳ್ನಿಲ್ಲ. ಐದ್ ವರ್ಸಕ್ಕೊಂದ್ಸಾರಿ ಒಬ್ಬ ಮನ್ಸ ಬಂದು, ಕೂತ್ಕಂಡು, ಕೊಡ್ತೀರಾ ಅಂತ ಕೇಳ್ತಾನೆ. ಅವ್ನಿಗೂ ಇಲ್ಲ ಅನ್ಲಾ?”

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ನಮ್ಮ ಮನೆಯವರು ಪೇಪರಿನ ಹಿಂದಿನಿಂದ, ನನ್ನನ್ನೂ ಸಂಪತ್ತೇ ಕೇಳಿದ್ದು ಅಂದರು. ಸಾಯಂಕಾಲ ಆಫೀಸಿನಿಂದ ಬಂದ ವಿದ್ಯಾಳನ್ನು ಕೇಳಿದರೆ, ನೀನು ನನ್ನನ್ನು ಯಾವತ್ತೂ ಕೇಳಿಲ್ಲವಲ್ಲಮ್ಮ ಎಂದು ತಮಿಳಿನಲ್ಲಿ ಹೇಳಿ ಬಾಗಿಲು ಹಾಕಿಕೊಂಡಳು. ನನ್ನ ನಾಲ್ಕು ಓಟಿನಲ್ಲಿ ಕೈಯಲ್ಲಿ ಉಳಿದದ್ದು ನನ್ನದೊಂದೇ.

ಮೊದಲು ಸಿಟ್ಟು ಬಂತು. ಒಂದೇ ಮನೆಯಲ್ಲಿ ಇದ್ದುಕೊಂಡು, ನಾನು ಬಡಿಸಿದ್ದು ಉಂಡು, ಹೀಗೆ ಮಾಡಬಹುದಾ ಅಂತ. ಅತ್ತೆ ಹೇಳಿದ್ದನ್ನು ಮತ್ತೆ ಮತ್ತೆ ನೆನೆಸಿಕೊಂಡಾಗ ಸಿಟ್ಟು ಇಳಿದು ನಾಚಿಕೆಯಾಯಿತು. ಹಬ್ಬಕ್ಕೆ ಏನು ಅಡುಗೆ, ಟಿವಿಯಲ್ಲಿ ಯಾವ ಚಾನೆಲ್ಲು, ಅವರ ಕಣ್ಣಿನ ಆಪರೇಷನ್ನು ಯಾವ ದಿನ, ಎಲ್ಲ ನಾನೇ ನಿರ್ಧರಿಸಿ ಅವರಿಗೆ ತಿಳಿಸಿದ್ದೆ. ಊರಿನವರ ಮುಂದೆಲ್ಲ ಕೈ ಮುಗಿದ ನಾನು ಇವರ ಮುಂದೆ ಒಂದು ದಿನ ಕೂತು ನಿಮಗೇನು ಬೇಕು ಅಂದಿರಲಿಲ್ಲ. ಆಮೇಲೆ ಕಲೈಸೆಲ್ವಿಯ ರಾಜೀನಾಮೆ ನೆನಪಾಯಿತು. ಪಟ್ಟಿ ತೆಗೆದು ನೋಡಿದೆ. ಪುಟದ ತುಂಬ ಸೊನ್ನೆ. ನನ್ನ ಸ್ವಂತ ಮನೆಯ ಸೊನ್ನೆಯೇ ಸುಳ್ಳಾದರೆ ಉಳಿದವು ಎಷ್ಟು ನಿಜ?

ಮಾರನೆಯ ಬೆಳಗ್ಗೆ ಅವಳಿಗೆ ಎಲ್ಲ ಹೇಳಿದೆ. ಮುಚ್ಚಿಡಬಹುದಿತ್ತು, ಆದರೆ ಕೆಲಸ ಕಳೆದುಕೊಂಡವಳು ಅವಳು. ಕಲೈಸೆಲ್ವಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹಾಗಾದರೆ ಗಟ್ಟಿಯಾದ ಓಟು ಎಷ್ಟಿದೆ ಅಕ್ಕಾ ಅಂತ ಕೇಳಿದಳು. ನಿನ್ನದೊಂದು, ನನ್ನದೊಂದು ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು, ಸರಿ, ಇವತ್ತಿನಿಂದ ಮಾತು ನಾನು ಆಡುತ್ತೇನೆ, ನೀವು ಹಿಂದೆ ನಿಂತಿರಿ ಅಂದಳು.

ದಕ್ಷಿಣಾಮೂರ್ತಿಯವರಿಗೆ ಹೇಳಿದಾಗ ರೇಗಾಡಿದರು. ಒಂಬತ್ತು ದಿನ ಇಟ್ಟುಕೊಂಡು, ಗೀಟಿನ ಮನೆಗಳನ್ನು ಬಿಟ್ಟು, ಈಗಾಗಲೇ ನಮ್ಮವರಾದವರನ್ನು ಹೋಗಿ ಕೇಳುತ್ತೀರಾ, ನಿಮಗೆ ಬಿಸಿಲು ತಲೆಗೆ ಹತ್ತಿದೆ ಅಂದರು. ನಾನು ನಮ್ಮ ಅತ್ತೆಯ ಸಂಗತಿ ಹೇಳಿದೆ. ಎಲ್ಲರ ಮನೆಯಲ್ಲೂ ನಿಮ್ಮತ್ತೆ ಇರುತ್ತಾರಾ ಎಂದು ನಕ್ಕು ಕಳಿಸಿದರು. ಮಾರನೆಯ ದಿನ ಅವರೇ ಫೋನ್ ಮಾಡಿ, ಸೊನ್ನೆ ಮನೆಗಳಿಗೆ ಹೋಗಿ ಅಂದರು. ಕಾರಣ ಹೇಳಲಿಲ್ಲ. ಮನೆಗೆ ಹೋಗಿ ತಮ್ಮ ಹೆಂಡತಿಯನ್ನು ನೀನು ಯಾರಿಗೆ ಹಾಕುತ್ತೀಯ ಅಂತ ಕೇಳಿದರಂತೆ, ಆಕೆ ಈಗ ಕೇಳಬೇಕು ಅನ್ನಿಸಿತಾ ಎಂದು ಅಡುಗೆಮನೆಯ ಲೈಟು ಆರಿಸಿ ಹೊರಟುಹೋದರಂತೆ. ಇದು ನನಗೆ ತಿಳಿದದ್ದು ಬಹಳ ದಿನವಾದ ಮೇಲೆ.

ಉಳಿದ ದಿನಗಳಲ್ಲಿ ಸೊನ್ನೆ ಮನೆಗಳನ್ನು ಒಂದೂ ಬಿಡದೆ ಹತ್ತಿದೆವು. ಉಗಿಸಿಕೊಂಡಷ್ಟು ಯಾವ ಇಂಟು ಮನೆಯಲ್ಲೂ ಉಗಿಸಿಕೊಂಡಿರಲಿಲ್ಲ. ಒಬ್ಬರು ರಿಟೈರಾದ ಹೆಡ್‌ಮಾಸ್ಟರು, ನಮ್ಮ ಪಕ್ಷ ಹುಟ್ಟಿದಾಗಿನಿಂದ ಅದಕ್ಕೇ ಓಟು ಹಾಕಿದವರು, ಬಾಗಿಲಲ್ಲೇ ನಿಲ್ಲಿಸಿ, ಎದುರು ಮನೆಯ ಸೋಮಾರಿಯ ಹತ್ತಿರ ಆರು ಸಲ ಬಂದಿರಿ, ನಾನು ಬದುಕಿದ್ದೀನಾ ಇಲ್ಲವಾ ಅಂತ ನೋಡಲೂ ಬರಲಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಈ ಸಲ ಯಾರಿಗೂ ಹಾಕದೆ ಮನೆಯಲ್ಲಿ ಕೂರಬೇಕು ಅಂತಿದ್ದರಂತೆ. ಕಲೈಸೆಲ್ವಿ ಸಮರ್ಥನೆ ಮಾಡಲಿಲ್ಲ, ತಪ್ಪಾಯಿತು ಸಾರ್ ಅಂದು ಅವರ ಕಾಲ ಹತ್ತಿರ ಮೆಟ್ಟಿಲ ಮೇಲೆ ಕೂತಳು. ಪುಟ್ಟ ಮಕ್ಕಳ ಅಳು ನಿಲ್ಲಿಸಿ ಅಭ್ಯಾಸವಿದ್ದವಳು. ಅವರು ಮುಕ್ಕಾಲು ಗಂಟೆ ಮಾತಾಡಿದರು, ಅವಳು ಕೇಳಿದಳು, ನಾನು ಹಿಂದೆ ನಿಂತು ಮೊದಲ ಸಲ ಈ ಕೆಲಸ ಹೇಗೆ ಮಾಡಬೇಕು ಅನ್ನುವುದನ್ನು ನೋಡಿದೆ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ನಮ್ಮ ಮನೆ. ಅವಳು ಒಳಗೆ ಬರಲಿಲ್ಲ. ಅಲ್ಲಿ ನೀವೇ ಕೇಳಬೇಕು ಅಕ್ಕಾ, ನಾನು ಬಂದರೆ ಸರಿಹೋಗುವುದಿಲ್ಲ ಎಂದು ಬೀದಿಯ ಕೊನೆಯಲ್ಲೇ ನಿಂತಳು.

ಬೆಳಗ್ಗೆ ಸ್ನಾನ ಮಾಡಿ, ಗಂಜಿ ಹಾಕಿದ ಸೀರೆ ಉಟ್ಟುಕೊಂಡು ಹೊರಟವಳು ವಾಪಸು ಬಂದು, ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬೆಲ್ ಒತ್ತಿದೆ. ನಮ್ಮ ಮನೆಯವರು ಬಾಗಿಲು ತೆಗೆದು, ಬೀಗದಕೈ ಮರೆತೆಯಾ ಅಂದರು. ಓಟು ಕೇಳಲು ಬಂದಿದ್ದೇನೆ ಅಂದೆ. ಅವರ ಮೀಸೆ ಒಂದು ಕ್ಷಣ ಅಲುಗಿತು, ಆದರೆ ನಗಲಿಲ್ಲ. ಬನ್ನಿ, ಕೂತ್ಕೊಳ್ಳಿ ಎಂದು ಬಹುವಚನದಲ್ಲಿ ಕರೆದು ಕುರ್ಚಿ ತೋರಿಸಿದರು. ಅತ್ತೆ ಮಂಚದ ಮೇಲೆ ನೆಟ್ಟಗೆ ಕೂತು, ಸೆರಗು ಸರಿ ಮಾಡಿಕೊಂಡು, ಬಂದೋರಿಗೆ ಕಾಪಿ ತಗೊಂಡ್ ಬಾರಪ್ಪ ಎಂದು ಮಗನಿಗೆ ಹೇಳಿದರು. ನಮ್ಮ ಮದುವೆಯಾದ ಮೇಲೆ ಅವರು ನನಗೆ ಕಾಫಿ ಬೆರೆಸಿ ತಂದದ್ದು ಅದೇ ಮೊದಲು. ಸಕ್ಕರೆ ಹಾಕುವುದು ಮರೆತಿದ್ದರು.

ಎಷ್ಟು ಸಾವಿರ ಮನೆಯಲ್ಲಿ ಮಾತಾಡಿದ್ದೆನೋ, ಇಲ್ಲಿ ಹೊಸಬಳ ಹಾಗೆ ಕುರ್ಚಿಯ ತುದಿಯಲ್ಲಿ ಕೂತೆ. ಕೈ ಮುಗಿದು, ಅತ್ತೆ, ಇಷ್ಟು ವರ್ಷ ನಿಮ್ಮನ್ನು ಕೇಳಲಿಲ್ಲ, ತಪ್ಪಾಯಿತು, ಈ ಸಲ ಕಲೈಸೆಲ್ವಿಗೆ ನಿಮ್ಮ ಓಟು ಕೊಡ್ತೀರಾ ಅಂದೆ. ಅವರು ಹೂಂ ಅನ್ನಲಿಲ್ಲ. ಯಾರು, ಏನು, ಮನೆ ಯಾವುದು, ಗೆದ್ದರೆ ಅವಳೇ ಕುರ್ಚಿಯಲ್ಲಿ ಕೂರುತ್ತಾಳಾ ಬೇರೆಯವರು ಕೂರುತ್ತಾರಾ, ಮೂಲೆಯ ಪಾದಚಾರಿ ದಾರಿಯ ಕಲ್ಲು ಎದ್ದು ಮೂರು ವರ್ಷವಾಯಿತು, ನಾನು ಎಡವಿ ಬಿದ್ದದ್ದು ಅಲ್ಲೇ, ಅದನ್ನು ಕೂರಿಸುತ್ತಾಳಾ ಎಂದು ಒಂದೊಂದಾಗಿ ಕೇಳಿದರು. ಅವರು ಬಿದ್ದದ್ದು ನನಗೆ ಗೊತ್ತಿತ್ತು, ಎಲ್ಲಿ ಬಿದ್ದರು ಅಂತ ನಾನು ಕೇಳಿರಲಿಲ್ಲ. ಎಲ್ಲವನ್ನೂ ಬರೆದುಕೊಂಡೆ. ಕೊನೆಗೆ ಅವರು ಹೇಳಿದ್ದು ಇಷ್ಟು.

“ಸಂಪತ್ತೂ ಕೇಳವ್ರೆ, ನೀನೂ ಕೇಳಿದೀಯ. ಇಷ್ಟ್ ದಿನ ಒಬ್ರೇ ಕೇಳೋರು, ಯೋಚ್ನೆ ಇರ್ಲಿಲ್ಲ. ಈಗ ಯೋಚ್ನೆ ಮಾಡ್ಬೇಕು. ಕಾಪಿ ಕುಡ್ಕಂಡ್ ಹೋಗು.”

ಓಟಿನ ದಿನ ಅತ್ತೆ ವಿದ್ಯಾಳ ಕೈ ಹಿಡಿದು ಸ್ಕೂಲಿನ ಬೂತಿಗೆ ನಡೆದು ಬಂದರು. ದಾರಿಯಲ್ಲಿ ಸಂಪತ್ ಮೇಜು, ಅದರ ಪಕ್ಕ ನನ್ನ ಮೇಜು. ಇಬ್ಬರೂ ಎದ್ದು ನಿಂತೆವು. ಅವರು ಇಬ್ಬರ ಕಡೆಯೂ ನೋಡದೆ ಒಳಗೆ ಹೋದರು, ಬೆರಳಿಗೆ ಶಾಯಿ ಹಾಕಿಸಿಕೊಂಡು ಅದೇ ಗತ್ತಿನಲ್ಲಿ ವಾಪಸು ಹೋದರು. ಓಟು ಕೇಳಬಹುದು, ಯಾರಿಗೆ ಹಾಕಿದಿರಿ ಅಂತ ಕೇಳಬಾರದು. ಈ ಕೆಲಸದಲ್ಲಿ ನಾನು ಮುರಿಯದ ನಿಯಮ ಅದೊಂದೇ, ಅವತ್ತೂ ಮುರಿಯಲಿಲ್ಲ.

ಎಣಿಕೆಯ ದಿನ ನಾನು ಒಳಗಿದ್ದೆ. 

ಒಂದು ಸುತ್ತಿನಲ್ಲಿ ನಾವು ಮುಂದೆ, ಇನ್ನೊಂದರಲ್ಲಿ ಅವರು, ಹೀಗೇ ಮಧ್ಯಾಹ್ನದ ತನಕ ಎಳೆಯಿತು. ಕಲೈಸೆಲ್ವಿ ಗೋಡೆಗೆ ಒರಗಿ ನಿಂತು ಬಾಯಲ್ಲಿ ಸೆರಗು ಕಚ್ಚಿಕೊಂಡಿದ್ದಳು. ಕೊನೆಗೆ ಗೆದ್ದಳು. ನಮ್ಮ ಬೀದಿಯ ನಾಲ್ಕು ಮನೆಯವರು ಓಟಿನ ದಿನ ಊರಿಗೆ ಹೋಗಿದ್ದರೆ ಸೋಲುತ್ತಿದ್ದಳು, ಅಷ್ಟು ಕಡಿಮೆ ಅಂತರ. ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ಆ ಸಂತೋಷಕ್ಕೆ ಸಮನಾದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ, ನಮ್ಮ ಮನೆಯವರು ಇದನ್ನು ಓದಿದರೂ ಚಿಂತೆಯಿಲ್ಲ. ಅವಳು ಈಗಲೂ ಕೌನ್ಸಿಲರ್. ಕುರ್ಚಿಯಲ್ಲಿ ಅವಳೇ ಕೂರುತ್ತಾಳೆ. ಮೂಲೆಯ ಕಲ್ಲು ಮೊದಲ ತಿಂಗಳೇ ಕೂತಿತು.

ಆ ಸಾಯಂಕಾಲ ಸಂಪತ್ ನಮ್ಮ ಮನೆಗೆ ಅಭಿನಂದನೆ ಹೇಳಲು ಬಂದರು, ದೊಡ್ಡ ಮನಸ್ಸಿನ ಮನುಷ್ಯ. ಕಲೈಸೆಲ್ವಿಯೂ ಹಾರ ಹಿಡಿದುಕೊಂಡು ಬಂದಿದ್ದಳು. ಸಂಪತ್ತಿಗೆ ತಡೆಯಲಾಗಲಿಲ್ಲ. ಅತ್ತೆಯ ಕಡೆ ತಿರುಗಿ, ಅಜ್ಜೀ, ಈ ಸಲ ನನ್ನನ್ನು ಕೈಬಿಟ್ಟಿರಾ ಎಂದು ನಗುತ್ತಾ ಕೇಳಿಯೇಬಿಟ್ಟರು. ನಾನು ನಿಯಮ ಮುರಿಯದೆ ಸುಮ್ಮನಿದ್ದೆ, ಕಿವಿಯನ್ನು ಮಾತ್ರ ಅತ್ತ ಇಟ್ಟಿದ್ದೆ. ಅತ್ತೆ ಹಾರದಿಂದ ಒಂದು ಹೂ ಕಿತ್ತು ಮುಡಿಗೆ ಸಿಕ್ಕಿಸಿಕೊಂಡರು.

“ಕೇಳೋರು ನೀವಿಬ್ರು. ಹಾಕ್ದೋಳು ನಾನು.”

ಅದಕ್ಕಿಂತ ಹೆಚ್ಚು ಇವತ್ತಿನ ತನಕ ಅವರು ಬಾಯಿ ಬಿಟ್ಟಿಲ್ಲ. ಯಾರಿಗೆ ಹಾಕಿದರೋ ನನಗೂ ತಿಳಿಯದು, ಸಂಪತ್ತಿಗೂ ತಿಳಿಯದು.

ಈಗ ಮತ್ತೆ ಚುನಾವಣೆಯ ಗಾಳಿ ಶುರುವಾಗಿದೆ. ಬೀದಿಗಳನ್ನೆಲ್ಲ ಹೊಸಬರಿಗೆ ಹಂಚಿಕೊಟ್ಟಿದ್ದೇನೆ, ಸೊನ್ನೆ ಹಾಕುವುದನ್ನು ಬಿಡಿಸಿದ್ದೇನೆ. ಸಂಪತ್ ಮೊನ್ನೆ ಬಂದು ಅರ್ಧ ಗಂಟೆ ಕೂತು, ಕಾಫಿ ಕುಡಿದು ಹೋದರು. ನಿನ್ನೆ ಊಟಕ್ಕೆ ಕೂತಾಗ ಅತ್ತೆ ತಟ್ಟೆಯಿಂದ ತಲೆಯೆತ್ತದೆ, ನಿಮ್ಮ ಕಡೆಯೋರು ಈ ಸಾರಿ ಯಾರೂ ಬಂದೇ ಇಲ್ವಲ್ಲ ಅಂದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಾದರೂ ನಾಳೆ ಬೆಳಗ್ಗೆ ಒಳ್ಳೆ ಸೀರೆ ಉಟ್ಟು, ಹೊರಗೆ ಹೋಗಿ, ಬೆಲ್ ಒತ್ತಬೇಕು.